ಬೀಗದ ಕೋಣೆಯ ಪ್ಯಾಡುಗಳು

ಒಬ್ಬನೇ ಕೇಳಿಸಿಕೊಂಡ ಮಾತು ಮಾತಾಗುತ್ತದೆಯೇ? ಸಾಯುವವನು ಆಸ್ತಿಯ ಬಗ್ಗೆ ಏನಾದರೂ ಹೇಳುವುದಿದ್ದರೆ ಮಂಚದ ಸುತ್ತ ಕುಟುಂಬದವರು ಇರಬೇಕು. ಕೇಳಿದವರು ಅವನ ಮುಂದೆ ಮದ್ಯದ ಬಾಟಲಿ ಇಟ್ಟು, ಕೇಳಿದೆವು, ಒಪ್ಪಿದೆವು ಅನ್ನಬೇಕು. ಆಸ್ಪತ್ರೆಯಲ್ಲಿ ಆ ಮಧ್ಯಾಹ್ನ ದಪಾ ಮಾವನ ಬಳಿ ಇದ್ದವನು ಅವನ ಅಕ್ಕನ ಮಗ ಆಂಟ್ವಿ ಒಬ್ಬನೇ. ಮಾವನ ಹೆಂಡತಿ ಪೊಕುವಾ ಸಾರು ತರಲು ಮನೆಗೆ ಹೋಗಿದ್ದಳು. ಅವಳ ಮಗ ಯೆಬೊವಾನನ್ನು ದಪಾ ಮಾವನೇ ಸಲಿಫುವಿನ ಗೇಮ್ ಅಂಗಡಿಗೆ ಕಳಿಸಿದ್ದ, ರಿಪೇರಿಯಾದ ವಿಡಿಯೊ ಗೇಮ್ ಪ್ಯಾಡುಗಳನ್ನು ಕೊಟ್ಟು ಬಾ ಎಂದು. ಅವನ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋದ ಮೇಲೆ ಮಾವ ಆಂಟ್ವಿಯ ಮಣಿಕಟ್ಟು ಹಿಡಿದು, "ಕೋಣೆ, ಮೇಜು, ಸಾಮಾನು, ಎಲ್ಲ ಹುಡುಗನಿಗೆ ಬಿಟ್ಟುಬಿಡು" ಎಂದ. ಜ್ವರದ ಬಡಬಡಿಕೆ ಇರಬಹುದು. ಆದರೆ ಮಾವನಿಗೆ ಜ್ವರವಿರಲಿಲ್ಲ. ಉಸಿರು ಕಡಿಮೆಯಿತ್ತು, ಅಷ್ಟೆ.

"ಎಲ್ಲಿದೀಯ? ಕೈ ಚಾಚು ಅಂದೆ" ಎಂದರು ಒಪನಿನ್ ಅಮಂಕ್ವಾ.

ಆಂಟ್ವಿ ಕೈ ಚಾಚಿದ. ಮನೆತನದ ಒಪನಿನ್, ಎಂದರೆ ಹಿರಿಯರಾದ ಅಮಂಕ್ವಾ ಅಂಗಳದಲ್ಲಿ ಎಲ್ಲರೂ ನೋಡುತ್ತಿದ್ದಂತೆ ತೀರಿಹೋದ ದಪಾನ ಕೋಣೆಗೆ ಬೀಗ ಹಾಕಿ, ಎಳೆದು ನೋಡಿ, ಕೀಲಿಯನ್ನು ಅವನ ಅಂಗೈಯಲ್ಲಿಟ್ಟರು. ಅದು ಅಳಿಯಕಟ್ಟಿನ ಮನೆ. ಸತ್ತವನದೆಲ್ಲ ಮಗನಿಗಲ್ಲ, ಅಕ್ಕನ ಮಗನಿಗೆ. ಮಣ್ಣು ಮಾಡಿ ಉತ್ತರಕ್ರಿಯೆ ಮುಗಿಯುವ ತನಕ, ಅದಕ್ಕೆ ವಾರಗಳೇ ಹಿಡಿದರೂ, ಬಾಗಿಲು ತೆರೆಯುವ ಹಾಗಿಲ್ಲ. ಆಮೇಲೆ ಕುಟುಂಬದ ಎದುರಿಗೇ ತೆರೆಯಬೇಕು.

"ಅಜ್ಜ, ಒಳಗೆ ಗಿರಾಕಿಗಳ ಪ್ಯಾಡ್ ಬಿಚ್ಚಿಟ್ಟಿದೆ" ಎಂದ ಯೆಬೊವಾ.

"ಇರಲಿ. ಓಡಿಹೋಗಲ್ಲ."

"ಮೇಲೆ ತಗಡು ಸೋರುತ್ತೆ. ಮಳೆ ಬಂದಾಗೆಲ್ಲ ಅಪ್ಪ ಮೇಜಿನ ಮೇಲೆ ಬೋಗುಣಿ ಇಟ್ಟು, ತುಂಬಿದಾಗೆಲ್ಲ ಚೆಲ್ತಿದ್ದ."

"ಬೋಗುಣಿ ಈಗ ಒಳಗಿದೆಯೋ ಇಲ್ವೋ?"

"ಇದೆ."

"ಮತ್ತೇನು? ಅದು ಅದರ ಕೆಲಸ ಮಾಡುತ್ತೆ, ನೀನು ನಿನ್ನ ಕೆಲಸ ಮಾಡು. ಅಳು."

ಕೆಲವರು ನಕ್ಕರು. ಯೆಬೊವಾ ಅಳಲಿಲ್ಲ. ಅವನು ಅಪ್ಪನ ಪಕ್ಕದಲ್ಲಿ ಅದೇ ಮೇಜಿಗೆ ಕೂತು ಬೆಳೆದವನು. ಕುಮಾಸಿಯ ಗೇಮ್ ಅಂಗಡಿಗಳಲ್ಲಿ ಹುಡುಗರು ಹಳೆಯ ಟೀವಿಗಳ ಮುಂದೆ ಕೂತು ಫುಟ್‌ಬಾಲ್ ಆಡುತ್ತಾ ಕೈಯಲ್ಲಿ ಹಿಡಿದು ಹಿಂಡುವ, ಸೋತಾಗ ನೆಲಕ್ಕೆ ಕುಕ್ಕುವ ಪ್ಯಾಡುಗಳು ಆ ಮೇಜಿಗೆ ಬಂದು ವಾಸಿಯಾಗಿ ಹೋಗುತ್ತಿದ್ದವು. ಅವುಗಳಲ್ಲಿ ಹಲವು ಯೆಬೊವಾನಿಗಿಂತ ಹಳೆಯವು.

*

ಮಳೆ ಬೇಗ ಬಂತು. ಎಲ್ಲರೂ ಊಟಕ್ಕೆ ಕೂತಿದ್ದರು. ಬೇಯಿಸಿದ ಗೆಡ್ಡೆಯನ್ನು ಯೆಬೊವಾ ಒನಕೆಯಲ್ಲಿ ಕುಟ್ಟಿ, ಪೊಕುವಾ ಕೈಯಿಂದ ಮಗುಚಿ ಮಾಡಿದ ಫುಫುವಿನ ಮುದ್ದೆಗಳ ಮೇಲೆ ಆಂಟ್ವಿಯ ತಾಯಿ ಅಫ್ರಕೋಮಾ ಸಾರು ಹೊಯ್ಯುತ್ತಿದ್ದಳು. ತಗಡಿನ ಮೇಲೆ ಮಳೆಯ ಅಬ್ಬರ ಸ್ವಲ್ಪ ಇಳಿದಾಗ ಬೀಗ ಹಾಕಿದ ಬಾಗಿಲಿನ ಆಚೆಯಿಂದ ಟಣ್, ಟಣ್ ಎಂದು ಕೇಳಿಸಿತು. ಖಾಲಿ ಬೋಗುಣಿಯ ಸದ್ದು.

ಯೆಬೊವಾ ಮುದ್ದೆಗೆ ಕೈ ಹಾಕಲಿಲ್ಲ.

"ತಿನ್ನು" ಎಂದಳು ಅಫ್ರಕೋಮಾ. "ನಿಮ್ಮಪ್ಪನಿಗೂ ಹೀಗೇ. ಸಾರು ಆರಿ ಹೋದ್ರೂ ಸರಿ, ಪ್ಯಾಡಿನ ಗುಂಡಿ ಸರಿಯಾಗಿ ಕೂರಬೇಕು ಅವನಿಗೆ."

"ಅತ್ತೆ, ಒಂದು ಸಲ ತೆಗೆದು ಮೇಜನ್ನ ಗೋಡೆ ಕಡೆ ಎಳೆದ್ರೆ ಸಾಕು. ನೀವೇ ಬನ್ನಿ ನನ್ನ ಜೊತೆ. ನಾನು ಏನನ್ನೂ ಮುಟ್ಟಲ್ಲ."

"ಮೇಜು ಎಳೆಯೋದು ಮುಟ್ಟೋದಲ್ವಾ?"

"ಹಾಗಾದ್ರೆ ಭಾವನೇ ಎಳೆಯಲಿ. ಕೀಲಿ ಅವನ ಹತ್ರಾನೇ ಇದೆಯಲ್ಲ."

ಎಲ್ಲರೂ ಆಂಟ್ವಿಯನ್ನು ನೋಡಿದರು. ಅವನು ಮುದ್ದೆಯ ಅಂಚನ್ನು ಚಿವುಟಿ ಸಾರಿನಲ್ಲಿ ಅದ್ದಿ ನುಂಗಿದ. ಕೀಲಿ ಪ್ಯಾಂಟಿನ ಜೇಬಿನಲ್ಲಿ ತೊಡೆಗೆ ಒತ್ತುತ್ತಿತ್ತು.

"ಅಜ್ಜನ್ನ ಕೇಳದೆ ಹೇಗೆ?" ಎಂದ.

"ಓದಿದೋನು, ಗೊತ್ತಿದೆ ಅವನಿಗೆ" ಎಂದಳು ತಾಯಿ.

ಪೊಕುವಾ ತಲೆ ಎತ್ತದೆ ಹೇಳಿದಳು: "ಅತ್ತಿಗೆ, ಅವು ನನ್ನ ಗಂಡನ ಸಾಮಾನಲ್ಲ. ಬೇರೆಯವರದು. ಅವರು ಬಂದು ಕೇಳಿದ್ರೆ ಯಾರು ಉತ್ತರ ಕೊಡೋದು?"

"ಯಾರ ಮನೆಯಲ್ಲಿ ಕೂತು ಊಟ ಮಾಡ್ತಿದೀರೋ ಅವರು ಕೊಡ್ತಾರೆ."

ಪೊಕುವಾ ತಟ್ಟೆಯನ್ನು ಮುಂದಕ್ಕೆ ತಳ್ಳಿ ಎದ್ದಳು. ಒಳಗೆ ಟಣ್ ಎನ್ನುವುದು ನಿಂತು, ನೀರಿನ ಮೇಲೆ ನೀರು ಬೀಳುವ ಸಣ್ಣ ಸದ್ದು ಶುರುವಾಗಿತ್ತು. ಮರುದಿನದಿಂದ ಅಂಗಳದಲ್ಲಿ ಎರಡು ಒಲೆ ಉರಿದವು. ಯೆಬೊವಾ ಅತ್ತೆಯ ಮುದ್ದೆಯನ್ನೂ ಕುಟ್ಟಿಕೊಟ್ಟು, ಆಮೇಲೆ ಅಮ್ಮನ ಒಲೆಯ ಬಳಿ ಕೂತು ಉಂಡ.

*

ಸಲಿಫು ಬಂದದ್ದು ಶುಕ್ರವಾರದ ಪ್ರಾರ್ಥನೆ ಮುಗಿಸಿಕೊಂಡು, ಇಸ್ತ್ರಿ ಮಾಡಿದ ಬಿಳಿ ಜುಬ್ಬದಲ್ಲಿ. ಹಿರಿಯರಿಗೆ ಸಂತಾಪ ಹೇಳಿ, ಕೊಟ್ಟ ನೀರು ಕುಡಿದು, ಕೊನೆಗೆ ಯೆಬೊವಾನ ಕಡೆ ತಿರುಗಿದ.

"ತಮ್ಮಾ, ನನ್ನ ಉಳಿದ ಪ್ಯಾಡುಗಳು ಒಳಗೇನು ಮಾಡ್ತಿವೆ? ಅವೂ ಸೂತಕ ಹಿಡಿದಿವೆಯಾ?"

"ಬೀಗ ಹಾಕಿದಾರಣ್ಣ."

"ಹಾಕಲಿ. ನಾನು ಆಚೆ ನಿಂತು ಏನು ಮಾಡ್ಲಿ? ಹೊಸದು ತಂದೆ. ಬಿಸ್ಕೆಟ್ ಡಬ್ಬದ ಹಾಗೆ ಹಗುರ. ಫೈನಲ್ ಆಟ ನಡೀತಿದೆ, ಗೋಲು ಹೊಡೆಯೋ ಗುಂಡಿ ಒಳಗೆ ಹೋಗಿ ಕೂತುಬಿಡ್ತು! ಆ ಹುಡುಗ ಅತ್ತ ಕಣಯ್ಯ. ಅವನ ಅಜ್ಜಿ ಸತ್ತಾಗ್ಲೂ ಅಷ್ಟು ಅತ್ತಿರಲಿಲ್ಲ."

ಯೆಬೊವಾ ನಕ್ಕ. ಅಪ್ಪ ಸತ್ತ ಮೇಲೆ ಅವನು ನಕ್ಕದ್ದು ಅದೇ ಮೊದಲು. "ಹೊಸದ್ರಲ್ಲಿ ರಬ್ಬರಿನ ತುದಿಗೆ ಬರೀ ಮಸಿ ಬಳಿದಿರ್ತಾರಣ್ಣ. ನಾಕು ದಿನ ಒತ್ತಿದ್ರೆ ಅಳಿಸಿಹೋಗುತ್ತೆ. ಹಳೇದ್ರಲ್ಲಿ ಗಟ್ಟಿ ಕರಿ ಬಿಲ್ಲೆ ಇರುತ್ತೆ. ಸವೆದ್ರೆ ಸತ್ತಿರೋ ಇನ್ನೊಂದು ಪ್ಯಾಡಿಂದ ಕಿತ್ತು ಅಂಟಿಸಬಹುದು."

"ನೀನೇ ಮಾಡಿಕೊಡು ಹಾಗಾದ್ರೆ."

"ಸತ್ತಿರೋ ಪ್ಯಾಡುಗಳೂ ಒಳಗೇ ಇವೆ. ಬೆಸುಗೆ ಹಾಕೋ ಕಡ್ಡಿ ಒಳಗಿದೆ. ಸ್ಕ್ರೂಡ್ರೈವರ್ ಒಳಗಿದೆ."

ಸಲಿಫುವಿನ ಅಂಗಡಿಗೆ ಆಡಲು ಬರುವವರೇ ಕಡಿಮೆಯಾಗಿದ್ದರು, ಎಲ್ಲರೂ ಫೋನು ಹಿಡಿದು ಮೂಲೆ ಸೇರುತ್ತಿದ್ದರು. ಉಳಿದ ಕೆಲವರು ಬರುತ್ತಿದ್ದುದು ಆ ಹಳೆಯ ಪ್ಯಾಡು ಕೈಯಲ್ಲಿ ಭಾರವಾಗಿ ಕೂರುತ್ತದೆಂದೇ. ಅದನ್ನು ಅವನು ಯೆಬೊವಾನಿಗೆ ಹೇಳಿ, ಹಿರಿಯರ ಬಳಿ ಹೋಗಿ ಕುಕ್ಕರಗಾಲಿನಲ್ಲಿ ಕೂತ.

"ಒಪನಿನ್, ನಾನು ಹೊರಗಿನವನು. ನಿಮ್ಮ ಪದ್ಧತಿಯ ಬಗ್ಗೆ ಮಾತಾಡಬಾರದು. ಆದ್ರೆ ಹಬ್ಬದ ರಜೆ ಹತ್ರ ಬಂತು. ಈ ರಜೆಯಲ್ಲಿ ಅಂಗಡಿ ತುಂಬದಿದ್ರೆ ಬಾಗಿಲು ಹಾಕ್ತೀನಿ. ನನ್ನ ಹಾಗೆ ಇನ್ನೂ ನಾಕು ಜನ ಇದಾರೆ, ಎಲ್ಲರ ಪ್ಯಾಡೂ ದಪಾನ ಹತ್ರಾನೇ. ನಮ್ಮ ಅಂಗಡಿ ಮುಚ್ಚಿದ್ರೆ ಈ ಹುಡುಗ ಆಮೇಲೆ ಯಾರಿಗೆ ರಿಪೇರಿ ಮಾಡ್ತಾನೆ?"

ಅಮಂಕ್ವಾ ಒರಟು ಮನುಷ್ಯರಾಗಿರಲಿಲ್ಲ. ಆಂಟ್ವಿಯನ್ನು ಕರೆದರು.

"ಆಸ್ಪತ್ರೆಯಲ್ಲಿ ಕೊನೆಗೆ ನೀನೊಬ್ಬನೇ ಇದ್ದದ್ದಲ್ವಾ?"

"ಹೌದಜ್ಜ."

"ಸತ್ತವನು ಈ ಕೋಣೆ ಬಗ್ಗೆ ಏನಾದ್ರೂ ಹೇಳಿದ್ದಾದ್ರೆ ದಾರಿ ಬೇರೆ. ಒಂದು ಬಾಟಲಿ ತರಿಸಿ, ಹಿರೀಕರಿಗೆ ನಾಕು ಹನಿ ಎರೆದು, ನಾನೇ ತೆಗೆಸ್ತೀನಿ. ಏನಾದ್ರೂ ಹೇಳಿದ್ನಾ?"

ಅಫ್ರಕೋಮಾ ಒಲೆಯ ಬಳಿ ಉಪ್ಪುಮೀನು ತೊಳೆಯುತ್ತಿದ್ದವಳು ಕೈ ನಿಲ್ಲಿಸಿದಳು. ಯೆಬೊವಾ ಭಾವನ ಮುಖ ನೋಡಲಿಲ್ಲ. ನೋಡಿದರೆ ಒತ್ತಾಯ ಮಾಡಿದಂತೆ ಆದೀತು ಎಂಬಂತೆ ಬಾಗಿಲನ್ನು ನೋಡುತ್ತಿದ್ದ.

"ಇಲ್ಲ. ನೀರು ಕೇಳಿದ್ರು, ಅಷ್ಟೆ" ಎಂದ ಆಂಟ್ವಿ.

ಮೀನು ತೊಳೆಯುವ ಸದ್ದು ಮತ್ತೆ ಶುರುವಾಯಿತು.

*

ಮಣ್ಣು ಮಾಡಿ ಉತ್ತರಕ್ರಿಯೆ ನಡೆಸಬೇಕಿದ್ದ ಶನಿವಾರ ಎರಡು ಸಲ ಮುಂದೆ ಹೋಯಿತು. ಬರುವ ನೆಂಟರ ಕಣ್ಣಿಗೆ ಬೀಳಬೇಕಲ್ಲ, ರಸ್ತೆಯ ಕಡೆಯ ಗೋಡೆಗೆ ಬಣ್ಣ ಬಳಿಯಬೇಕಿತ್ತು. ಬಣ್ಣದವನು ಏಣಿ ತಂದ ದಿನ ಯೆಬೊವಾ ಎಲ್ಲಿಂದಲೋ ಒಂದು ತಗಡಿನ ತುಂಡನ್ನೂ ಡಾಂಬರನ್ನೂ ಹೊಂದಿಸಿಕೊಂಡು ಬಂದ.

"ಹಿಂದುಗಡೆ ಮಾಡಿನ ಮೇಲೆ ಇದನ್ನ ಹೊಡೆದು ಇಳಿದುಬಿಡ್ತೀನಿ. ಬಾಗಿಲ ತಂಟೆಗೇ ಹೋಗಲ್ಲ."

ಅಫ್ರಕೋಮಾ ಏಣಿಯ ಬುಡಕ್ಕೆ ಬಂದು ನಿಂತಳು. "ನನ್ನ ತಮ್ಮನ ತಲೆ ಮೇಲೆ ಸುತ್ತಿಗೆ ಹೊಡೀತೀಯಾ?"

"ಅಪ್ಪ ಅಲ್ಲಿಲ್ಲ ಅತ್ತೆ. ಶವಾಗಾರದಲ್ಲಿದಾನೆ."

"ಬಾಯಿ ನೋಡಿ ಇವನದು! ಸ್ವಂತ ಮನೆ ಅಂತ ಏಣಿ ಹತ್ತೋಕೆ ಇದು ನಿನ್ನ ತಾಯಿಯ ತವರಲ್ಲ ಕಣೋ."

"ಗೊತ್ತು. ದಿನಾ ಹೇಳ್ತೀರಲ್ಲ."

"ಹೇಳ್ತೀನಿ. ನನ್ನ ಮಗ ಪದವಿ ತಗೊಂಡು ಮೊಗಸಾಲೆಯಲ್ಲಿ ಚಾಪೆ ಹಾಕಿ ಮಲಗಿ ಎಷ್ಟು ವರ್ಷವಾಯ್ತು ಅಂತ ಯಾರಾದ್ರೂ ಕೇಳಿದ್ರಾ? ಆ ಕೋಣೆ ರಸ್ತೆಗೆ ಹತ್ರ. ಅಲ್ಲಿ ಜೆರಾಕ್ಸ್ ಮಿಷನ್ ಇಡ್ತಾನಂತೆ. ಇವನಿಗೂ ಒಂದು ಬಾಗಿಲು ಅಂತ ಬೇಡವಾ?"

ಆಂಟ್ವಿ ಮೊಗಸಾಲೆಯಲ್ಲೇ ಕೂತಿದ್ದ. ಮಿಷನ್ ಇಡೋಣ ಎಂದವನು ಅವನ ಗೆಳೆಯ. ಆಂಟ್ವಿ ಹೂಂ ಎಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ. ತನಗೂ ಒಂದು ಬಾಗಿಲು ಬೇಕು ಎಂದು ತಾಯಿ ಅಷ್ಟು ಗಟ್ಟಿಯಾಗಿ ಹೇಳಿದಾಗ ಅವನಿಗೆ ನಾಚಿಕೆಯಾಯಿತು. ಜೊತೆಗೆ, ಬೇಕು ಎಂದು ಅನ್ನಿಸಿತು.

ಬಣ್ಣದವನು ಏಣಿಯನ್ನು ಮುಂದುಗಡೆಗೆ ಹೊತ್ತುಕೊಂಡು ಹೋದ. ಗೋಡೆ ಸಂಜೆಯ ಹೊತ್ತಿಗೆ ಕೆನೆಬಣ್ಣಕ್ಕೆ ತಿರುಗಿ ಚೆನ್ನಾಗಿಯೇ ಕಂಡಿತು. ಆ ವಾರ ಮಳೆ ಹೆಚ್ಚು ಕಡಿಮೆ ಬಿಡಲೇ ಇಲ್ಲ. ಕೋಣೆಯೊಳಗಿನ ಸದ್ದು ಬದಲಾಗುತ್ತಾ ಹೋಗಿ ಒಂದು ದಿನ ನಿಂತುಹೋಯಿತು. ಬೋಗುಣಿ ತುಂಬಿ ಹರಿಯತೊಡಗಿದರೆ ಸದ್ದಿರುವುದಿಲ್ಲ. ಬಾಗಿಲಿನ ಅಡಿಯಿಂದ ಒದ್ದೆ ಕಲೆಯೊಂದು ಅಂಗಳಕ್ಕೆ ಬಂತು. ಪೊಕುವಾ ಬೆಳಿಗ್ಗೆ ಕಸ ಗುಡಿಸುವಾಗ ಅದನ್ನು ಒರೆಸುತ್ತಿದ್ದಳು. ಮಧ್ಯಾಹ್ನಕ್ಕೆ ಮತ್ತೆ ಬರುತ್ತಿತ್ತು.

ಯೆಬೊವಾ ಒನಕೆ ಹಿಡಿದಿದ್ದ ಒಂದು ಸಂಜೆ ಆಂಟ್ವಿ ಮುದ್ದೆ ಮಗುಚಲು ಕೂತ. ಅಫ್ರಕೋಮಾ ಮಾರ್ಕೆಟ್ಟಿನಿಂದ ಬಂದಿರಲಿಲ್ಲ.

"ಬೆರಳು ಜೋಪಾನ ಭಾವ. ಜೆರಾಕ್ಸ್ ಗುಂಡಿ ಒತ್ತೋಕೆ ಬೇಕಾಗುತ್ತೆ."

"ಅದಿನ್ನೂ ಗಟ್ಟಿಯಿಲ್ಲ."

"ಆಗ್ಲಿ ಬಿಡು. ನಾನು ಕೋಣೆ ಕೇಳ್ತಿಲ್ಲ." ಒನಕೆ ಎತ್ತಿ ಇಳಿಸುತ್ತಲೇ ಮಾತಾಡಿದ. "ಪ್ಯಾಡಿನ ಒಳಗೆ ತೆಳ್ಳಗೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತೆ ನೋಡು, ಕರೆಂಟು ಹರಿಯೋ ಗೆರೆ ಎಳೆದಿರೋದು. ಅದಕ್ಕೆ ನೀರು ತಾಗಿದ್ರೆ ಗೆರೆ ಎದ್ದು ಹೋಗುತ್ತೆ. ಉಳಿದದ್ದೆಲ್ಲ ಸರಿ ಮಾಡಬಹುದು. ವೈರ್ ಕತ್ತು ಮುರಿದ್ರೆ ಕತ್ತರಿಸಿ ಬೆಸೆಯಬಹುದು. ಹಾಳೆ ಹಿಂದಿನ ಸ್ಪಂಜು ಚಪ್ಪಟೆಯಾದ್ರೆ ಅಪ್ಪ ಸೈಕಲ್ ಟ್ಯೂಬ್ ಕತ್ತರಿಸಿ ಇಡ್ತಿದ್ದ, ಸ್ಪಂಜಿಗಿಂತ ಗಟ್ಟಿ. ಆದ್ರೆ ಗೆರೆ ಹೋದ್ರೆ ಹೋಯ್ತು. ಆ ಹಾಳೆ ಈಗ ಎಲ್ಲೂ ಸಿಗಲ್ಲ."

"ಹೂಂ."

"ಹದಿಮೂರೋ ಹದಿನಾಲ್ಕೋ ಬಿಚ್ಚಿದ್ವು. ಹಾಳೆಗಳನ್ನೆಲ್ಲ ಮೇಜಿನ ಮೇಲೇ ಸಾಲಾಗಿ ಹರಡಿದ್ದೆ. ನಾನೇ ಹರಡಿದ್ದು." ಒನಕೆ ನಿಂತಿತು. "ಭಾವ, ನಿಜ ಹೇಳು. ಅಪ್ಪ ಏನೂ ಅನ್ನಲಿಲ್ವಾ? ಮೇಜು ಎಳೀರಿ ಅಂತ ಕೂಡ?"

ಆಂಟ್ವಿಯ ಬೆರಳುಗಳಿಗೆ ಬಿಸಿ ಮುದ್ದೆ ಅಂಟಿಕೊಂಡಿತ್ತು. ಈಗ ಹೇಳಿದರೆ, ಅಂದು ಹಿರಿಯರ ಮುಂದೆ ಸುಳ್ಳು ಹೇಳಿದ್ದೂ ಹೊರಬೀಳುತ್ತದೆ. ಅಂದು ಹೇಳದಿದ್ದುದಕ್ಕೆ ಇದ್ದ ಕಾರಣ ಬೇರೆ, ಇಂದಿನ ಕಾರಣ ಬೇರೆ.

"ಕುಟ್ಟು, ಆರಿಹೋಗ್ತಿದೆ" ಎಂದ.

*

ದಪಾನನ್ನು ಮಣ್ಣು ಮಾಡಿದರು. ಕೆಂಪು ಕಪ್ಪು ಬಟ್ಟೆಯ ಜನ ಕೆನೆಬಣ್ಣದ ಗೋಡೆಯ ಮುಂದೆ ಕುರ್ಚಿ ತುಂಬಿದರು, ದೊಡ್ಡ ಸ್ಪೀಕರಿನಲ್ಲಿ ಹಾಡು ಹಾಕಿದರು, ಒಳ್ಳೆಯ ಉತ್ತರಕ್ರಿಯೆ ಎಂದು ಹೊಗಳಿ ಹೋದರು. ಸೋಮವಾರ ಬೆಳಿಗ್ಗೆ ಅಮಂಕ್ವಾ ಬಾಗಿಲ ಮುಂದೆ ನಿಂತು ಆಂಟ್ವಿಯಿಂದ ಕೀಲಿ ಇಸಿದುಕೊಂಡರು. ಬೀಗ ತುಕ್ಕು ಹಿಡಿದು ಬಿಗಿದಿತ್ತು, ಎಣ್ಣೆ ಬಿಡಬೇಕಾಯಿತು.

ಮೊದಲು ಬಂದದ್ದು ವಾಸನೆ. ಮೇಜಿನ ಮೇಲೆ ಬೋಗುಣಿ ಕಂಠಮಟ್ಟ ತುಂಬಿ ಹಸಿರುಗಟ್ಟಿತ್ತು. ಮೇಜಿನ ಹಲಗೆ ಉಬ್ಬಿ ಎರಡು ಪದರಾಗಿತ್ತು. ಹಾಳೆಗಳು ಮುದುಡಿಕೊಂಡು ಒಂದಕ್ಕೊಂದು ಅಂಟಿದ್ದವು. ಯೆಬೊವಾ ಒಂದನ್ನು ಬೆಳಕಿಗೆ ಹಿಡಿದ. ಗೆರೆಗಳು ಅವನ ಹೆಬ್ಬೆರಳಿಗೆ ಪುಡಿಯಾಗಿ ಹತ್ತಿದವು. ಇನ್ನೊಂದನ್ನು ಹಿಡಿದ. ಮೂರನೆಯದನ್ನು ನೋಡಲಿಲ್ಲ. ಇಲಿಗಳು ವೈರುಗಳನ್ನು ಕಡಿದಿದ್ದವು. ಸೈಕಲ್ ಟ್ಯೂಬಿನಿಂದ ಕತ್ತರಿಸಿದ ತುಂಡುಗಳಷ್ಟೇ, ಒಂದು ಮುಚ್ಚಳದಲ್ಲಿ, ಇದ್ದ ಹಾಗೇ ಇದ್ದವು.

ಸಲಿಫು ಕೂಡ ಬಂದಿದ್ದ. ಒಂದು ಪ್ಯಾಡಿನ ಬರಿಯ ಚಿಪ್ಪನ್ನು ಎತ್ತಿ ಕೈಯಲ್ಲಿ ತೂಗಿದ.

"ಇನ್ನೂ ಭಾರಾನೇ ಇದೆ" ಎಂದ. ಮತ್ತೆ ಅಲ್ಲೇ ಇಟ್ಟ. "ಇರಲಿ ತಮ್ಮಾ, ನನಗೆ ಬೇಡ. ಟೀವಿಗಳನ್ನ ಹೋದ ವಾರವೇ ಮಾರಿದೆ."

ಅಮಂಕ್ವಾ ಗಂಟಲು ಸರಿಮಾಡಿಕೊಂಡರು. "ಯೆಬೊವಾ, ನಿಮ್ಮಪ್ಪ ಬದುಕಿದ್ದಾಗ ಇದರಲ್ಲಿ ಯಾವುದನ್ನಾದ್ರೂ ನಿನಗೆ ಅಂತ ಕೊಟ್ಟಿದ್ರೆ ಹೇಳು. ಅದು ನಿನ್ನದು."

"ಆ ಸಣ್ಣ ಸ್ಕ್ರೂಡ್ರೈವರ್ ಕೊಡ್ತೀರಾ ಅಜ್ಜ? ಹಿಡಿಗೆ ಟ್ಯೂಬ್ ಸುತ್ತಿರೋದು."

"ಕೊಡೋದಲ್ಲ. ಅವನು ಕೊಟ್ಟಿದ್ನಾ? ನಮ್ಮವರು ಯಾರಾದ್ರೂ ಕಂಡಿದಾರಾ?"

ಸುಳ್ಳು ಯೆಬೊವಾನಿಗೆ ಬರುತ್ತಿರಲಿಲ್ಲ. ಪೊಕುವಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊಸಿಲ ಆಚೆಯೇ ನಿಂತಿದ್ದಳು.

"ನಾನು ಕಂಡಿದೀನಿ" ಎಂದ ಆಂಟ್ವಿ. "ಹೋದ ಕ್ರಿಸ್‌ಮಸ್ಸಿಗೆ. ನಾನಿಲ್ಲೇ ನಿಂತಿದ್ದೆ. ಇದು ನಿನ್ನದು ಇಟ್ಕೋ ಅಂದ್ರು ಮಾವ."

ಅಫ್ರಕೋಮಾ ಮಗನನ್ನು ನೋಡಿದಳು.

"ಸರಿ, ಸಾಕ್ಷಿ ಆಯ್ತು" ಎಂದರು ಅಮಂಕ್ವಾ. "ತಗೊಳ್ಳಪ್ಪ."

ತಾಯಿ ಮಗ ಆ ವಾರವೇ ಹೊರಟರು, ಪೊಕುವಾಳ ಅಣ್ಣನ ಮನೆಗೆ. ಆ ಅಣ್ಣ ಕಲ್ಲು ಕ್ವಾರಿಯಲ್ಲಿ ಮೇಸ್ತ್ರಿ; ಯೆಬೊವಾನಿಗೂ ಜಲ್ಲಿ ತುಂಬುವ ಕೆಲಸ ನೋಡಿಟ್ಟಿದ್ದ. ವ್ಯಾನು ಬರುವ ತನಕ ಆಂಟ್ವಿ ಅವರ ಗಂಟುಗಳನ್ನು ಹೊತ್ತು ನಿಂತಿದ್ದ.

"ಭಾವ, ಹೋದ ಕ್ರಿಸ್‌ಮಸ್ಸಿಗೆ ನೀನು ಕುಮಾಸಿಯಲ್ಲೇ ಇರಲಿಲ್ಲ" ಎಂದ ಯೆಬೊವಾ.

"ಹೂಂ."

"ಅಪ್ಪ ನನಗೆ ಅದನ್ನ ಮುಟ್ಟೋಕೂ ಬಿಡ್ತಿರಲಿಲ್ಲ. ಕಳೀತೀಯ ಅಂತಿದ್ದ." ಸ್ವಲ್ಪ ನಕ್ಕು, ಜೇಬಿನ ಮೇಲೆ ಕೈ ಇಟ್ಟುಕೊಂಡ. "ಆದ್ರೂ ಒಳ್ಳೇದು ಮಾಡಿದೆ. ಅಜ್ಜ ಎರಡನೇ ಸಾಕ್ಷಿ ಕೇಳ್ತಾರೇನೋ ಅಂತ ಹೆದರಿದ್ದೆ. ನೀನೊಬ್ಬ ಹೇಳಿದ್ದೇ ಸಾಕಾಯ್ತು ನೋಡು."

ವ್ಯಾನು ಬಂತು. ಪೊಕುವಾ, "ಬರ್ತೀವಪ್ಪ" ಎಂದಳು. ಅವಳು ಆಂಟ್ವಿಯ ತಲೆಯ ಮೇಲೆ ಕೈ ಇಟ್ಟು ಹೋದಳು.

ಜೆರಾಕ್ಸ್ ಮಿಷನ್ನಿನ ಗೆಳೆಯ ಬಂದು ಕೋಣೆ ನೋಡಿ, ಈ ತೇವದಲ್ಲಿ ಕಾಗದ ನಿಲ್ಲುವುದಿಲ್ಲ ಎಂದು ಬೇರೆ ಕಡೆ ಜಾಗ ಹಿಡಿದ. ಅಫ್ರಕೋಮಾ ನೆಲ ತಿಕ್ಕಿ ತೊಳೆದು ಮಗನ ಚಾಪೆಯನ್ನು ಒಳಗೆ ಹಾಸಿದಳು. ಮಳೆ ಬಂದಾಗ ಆಂಟ್ವಿ ಬೋಗುಣಿ ಇಡುತ್ತಾನೆ, ತುಂಬಿದಾಗ ಚೆಲ್ಲುತ್ತಾನೆ.

ಒಬ್ಬನೇ ಕೇಳಿಸಿಕೊಂಡ ಮಾತು ಮಾತಾಗುತ್ತದೆಯೇ ಎಂದು ಅವನು ಈಗ ಕೇಳಿಕೊಳ್ಳುವುದಿಲ್ಲ. ಮಾವನ ಮಾತಿನಲ್ಲಿ ಅರ್ಧವನ್ನಷ್ಟೇ ಅವನು ಮನಸ್ಸಿನಲ್ಲಿ ಉಳಿಸಿಕೊಂಡಿದ್ದ. ಎಲ್ಲ ಹುಡುಗನಿಗೆ ಬಿಟ್ಟುಬಿಡು ಎಂದ ಮೇಲೆ ದಪಾ ಮಾವ ಉಸಿರು ಎಳೆದುಕೊಂಡು ಇನ್ನೂ ಒಂದು ಮಾತು ಹೇಳಿದ್ದ: "ನೀನು ಬಿಡ್ತೀಯ ಅಂತ ಗೊತ್ತು. ಅದಕ್ಕೇ ಬೇರೆ ಯಾರನ್ನೂ ಕರೀಲಿಲ್ಲ." ಇದನ್ನು ಆಂಟ್ವಿ ಯಾರಿಗೂ ಹೇಳಲಿಲ್ಲ.